ರೆನೆ ಡೆಕಾರ್ಟ್

ರೆನೆ ಡೆಕಾರ್ಟ್ 1596ರ ಮಾರ್ಚ್ 31ರಂದು ಫ್ರಾನ್ಸಿನ ಲಾ ಹೇ ಎಂಬ ಊರಿನಲ್ಲಿ ಜನಿಸಿದನು. ವರ್ಷ ತುಂಬಿದ ಸ್ವಲ್ಪದರಲ್ಲಿಯೇ ತಾಯಿ ತೀರಿಕೊಂಡಳು. ಬಾಲಕನ ದೇಹ ದುರ್ಬಲವಾಗಿದ್ದುದರಿಂದ ಲಾ ಫ್ಲೆಷ್ ವಿದ್ಯಾಲಯದ ಗುರುಗಳು ಅವನಿಗೆ ತಡವಾಗಿ ಏಳಲು ಅನುಮತಿಯಿತ್ತರು. ಬೆಳಗಿನ ಹೊತ್ತು ಹಾಸಿಗೆಯಲ್ಲಿಯೇ ಮಲಗಿ ಚಿಂತಿಸುವ ಅಭ್ಯಾಸ ಅವನಿಗೆ ಅಂಟಿಕೊಂಡದ್ದು ಹೀಗೆ.

1637ರಲ್ಲಿ ಅವನ ರೇಖಾಗಣಿತದ ಗ್ರಂಥ ಹಾಲೆಂಡಿನ ಲೈಡನ್ ನಗರದಲ್ಲಿ ಪ್ರಕಟವಾಯಿತು. ರೇಖೆಗಳನ್ನು ಬೀಜಗಣಿತದ ಸಮೀಕರಣಗಳಿಂದ ನಿರೂಪಿಸಬಹುದೆಂದು ಅದು ತೋರಿಸಿಕೊಟ್ಟಿತು. (ಫರ್ಮಾ ಎಂಬ ಮತ್ತೊಬ್ಬ ಫ್ರೆಂಚ್ ಗಣಿತಜ್ಞನೂ ಅದೇ ಕಾಲದಲ್ಲಿ ಸ್ವತಂತ್ರವಾಗಿ ಈ ಮಾರ್ಗವನ್ನು ಕಂಡುಕೊಂಡಿದ್ದನು.) (3, 5) ಎಂಬ ಬಿಂದುವಿನ ಮೂಲಕ ಹಾದುಹೋಗುವ ಲಂಬರೇಖೆಯನ್ನು ನೋಡಿರಿ. ಅದರ ಮೇಲೆ ಎಷ್ಟೇ ಏರಿದರೂ ಇಳಿದರೂ ‘ವೈ’ಯ ಬೆಲೆ ಮಾತ್ರ ಬದಲಾಗುತ್ತದೆ, ‘ಎಕ್ಸ್’ನ ಬೆಲೆ 3 ಆಗಿಯೇ ಉಳಿಯುತ್ತದೆ. ಆದ್ದರಿಂದ ಅದರ ಸಮೀಕರಣ ಎಕ್ಸ್ = 3. ‘ವೈ’ಗೆ ಅಲ್ಲಿ ಸ್ಥಾನವೇ ಇಲ್ಲ. ಇಳಿಜಾರನ್ನು ಲೆಕ್ಕಹಾಕಹೊರಟರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಗಣಿತ ಅದನ್ನು ಒಪ್ಪದು.

1649ರಲ್ಲಿ ಸ್ವೀಡನ್ನಿನ ರಾಣಿ ಕ್ರಿಸ್ಟಿನಾ ತನಗೆ ಪಾಠ ಹೇಳಲು ಅವನನ್ನು ಕರೆಸಿಕೊಂಡಳು. ಪಾಠದ ವೇಳೆ ಬೆಳಗಿನ ಐದು ಗಂಟೆ! ಕೊರೆಯುವ ಚಳಿಯಲ್ಲಿ ಅರಮನೆಗೆ ಹೋಗಬೇಕಾಯಿತು. 1650ರ ಫೆಬ್ರವರಿ 11ರಂದು ಸ್ಟಾಕ್‌ಹೋಮಿನಲ್ಲಿ ಅವನು ನ್ಯುಮೋನಿಯಾದಿಂದ ಮರಣಹೊಂದಿದನು.