ಹರಳಯ್ಯನ ಬಾಕಿ

12ನೆಯ ಶತಮಾನದ ಕಲ್ಯಾಣದಲ್ಲಿ ಮೆಟ್ಟು ಹೊಲಿದು ಬದುಕಿದವನು ಸಮಗಾರ ಹರಳಯ್ಯ. ಹೆಂಡತಿ ಕಲ್ಯಾಣಮ್ಮ, ಮಗ ಶೀಲವಂತ. ಆತನ ಬದುಕು ನಮಗೆ ಉಳಿದು ಬಂದಿರುವುದು ಶರಣರ ಕಥೆಗಳಲ್ಲಿ.

ಒಂದು ದಿನ ದಾರಿಯಲ್ಲಿ ಎದುರಾದ ಬಸವಣ್ಣನಿಗೆ ಹರಳಯ್ಯ ಶರಣು ಅಂದನಂತೆ. ಬಿಜ್ಜಳನ ಮಂತ್ರಿಯಾದ ಬಸವಣ್ಣ ಎರಡು ಸಲ ಶರಣು ಹೇಳಿ ಮುಂದೆ ಹೋದ. ನಾನು ವಾಣಿಜ್ಯದ ವಿದ್ಯಾರ್ಥಿ. ನನಗೆ ಇದು ಖಾತೆಯ ಪುಸ್ತಕದ ಹಾಗೇ ಕಾಣುತ್ತದೆ. ಕೊಟ್ಟದ್ದು ಒಂದು, ಬಂದದ್ದು ಎರಡು. ಹೆಚ್ಚಿಗೆ ಬಂದ ಆ ಒಂದು ಶರಣು ಹರಳಯ್ಯನಿಗೆ ಸಾಲವಾಗಿ ಕಂಡಿತು. ತೀರಿಸಲು ಇದ್ದದ್ದು ಕೈಕಸುಬು ಒಂದೇ. ಗಂಡ ಹೆಂಡತಿ ತಂತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಹೊಲಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ. ತಲೆಯ ಮೇಲಿಟ್ಟುಕೊಂಡು ಹಿಂದಿರುಗಿಸಿದ.

ಇಲ್ಲಿ ನಾವು ಪವಾಡ ಅಂತ ಕೈಮುಗಿದು, ಹೊಲಿಗೆಯನ್ನು ಮರೆತುಬಿಡುತ್ತೇವೆ. ಮುಂಬಯಿಗೆ ಬಂದ ಮೇಲೆ ದಾದರ್ ಸ್ಟೇಷನ್ನಿನ ಹೊರಗೆ ಚಪ್ಪಲಿ ಹೊಲಿಯುವವರ ಕೈಯನ್ನೇ ನೋಡುತ್ತ ನಾನು ಎಷ್ಟೋ ಸಲ ನಿಂತಿದ್ದೇನೆ. ತೊಗಲು ಬಟ್ಟೆಯಂತಲ್ಲ. ರಂಪಿಗೆಯಿಂದ ಕೊಯ್ದು, ಮೊನಚಾದ ಆರಿಯಿಂದ ಮೊದಲು ತೂತು ಮಾಡಬೇಕು. ತೂತು ತಪ್ಪಿದರೆ ಅದರ ಗುರುತು ಹಾಗೇ ಉಳಿಯುತ್ತದೆ. ತೂತುಗಳು ತೀರ ಹತ್ತಿರವಾದರೆ ತೊಗಲು ಹರಿಯುತ್ತದೆ; ದೂರವಾದರೆ ಹೊಲಿಗೆ ಬಾಯಿ ಬಿಡುತ್ತದೆ. ಗಟ್ಟಿ ಹೊಲಿಗೆಗೆ ಒಂದೇ ದಾರದ ಎರಡು ತುದಿಗಳು ಒಂದೇ ತೂತಿನಲ್ಲಿ ಎದುರುಬದುರಾಗಿ ಹಾಯಬೇಕು, ಎರಡೂ ಕಡೆ ಸಮನಾಗಿ ಬಿಗಿಯಬೇಕು. ಆಗ ಒಂದು ಕಡೆ ದಾರ ಸವೆದು ಹರಿದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಇಷ್ಟು ತಾಳ್ಮೆಯ ಕೈಯನ್ನು ಊರು ಮುಟ್ಟಲಿಲ್ಲ. ಅದು ಹೊಲಿದದ್ದನ್ನು ಮಾತ್ರ ಮೆಟ್ಟಿ ನಡೆಯಿತು.

ನನ್ನ ಕನ್ನಡ ಶಾಲೆಯಲ್ಲಿ ಹರಳಯ್ಯನ ಕಥೆ ಚಮ್ಮಾವುಗೆಗೇ ಮುಗಿಯುತ್ತಿತ್ತು. ಮುಂದಿನದು ತಿಳಿದದ್ದು ಗಿರೀಶ ಕಾರ್ನಾಡರ 1990ರ ನಾಟಕ ತಲೆದಂಡ ಓದಿದಾಗ. ಬ್ರಾಹ್ಮಣ ಕುಲದಿಂದ ಬಂದು ಶರಣನಾದ ಮಧುವರಸ ತನ್ನ ಮಗಳನ್ನು ಶೀಲವಂತನಿಗೆ ಕೊಟ್ಟ. ಶರಣರಾದ ಮೇಲೆ ಕುಲವೆಲ್ಲಿಯದು ಅಂತ ಇಬ್ಬರು ಅಪ್ಪಂದಿರೂ ನಂಬಿದ್ದರು. ಕಲ್ಯಾಣ ನಂಬಲಿಲ್ಲ. ಬಿಜ್ಜಳ ಇಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಬೀದಿಯಲ್ಲಿ ಎಳೆಸಿ ಕೊಲ್ಲಿಸಿದ ಅಂತ ಕಥೆ ಹೇಳುತ್ತದೆ. 1167-68ರ ಸುಮಾರಿಗೆ ಬಿಜ್ಜಳನ ಆಳಿಕೆಯೂ ಮುಗಿಯಿತು. ಶರಣರು ದಿಕ್ಕುದಿಕ್ಕಿಗೆ ಚೆದುರಿದರು.

ತೊಡೆಯ ಚರ್ಮ ಕೊಟ್ಟದ್ದನ್ನು ನಾವು ಇವತ್ತಿಗೂ ಹೊಗಳುತ್ತೇವೆ. ಮಗನಿಗೆ ಹೆಣ್ಣು ತಂದುಕೊಂಡದ್ದಕ್ಕೆ ಮಾತ್ರ ಆತ ಜೀವ ಕೊಡಬೇಕಾಯಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಆದರೂ ಜಾತಿ ಮೀರಿ ಮದುವೆಯಾದವರನ್ನು ಕೊಂದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಗೆಳೆಯರೇ, ಹರಳಯ್ಯ ತನ್ನ ಸಾಲ ಎಂದೋ ತೀರಿಸಿದ. ಬಾಕಿ ಇರುವುದು ನಮ್ಮದು. ನಮ್ಮ ನಮ್ಮ ಮನೆಯಲ್ಲಿ ಮದುವೆಯ ಮಾತು ಬಂದಾಗ ಅದನ್ನು ನೆನೆಯೋಣ.