ಸಂಕಟಕಾಲದ ಸಾರಥಿ ದಿವಾನ್ ಪೂರ್ಣಯ್ಯ

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರ್ ಅಲಿ ಕೊನೆಯುಸಿರೆಳೆದ. ಬೆನ್ನಿನ ಮೇಲೆದ್ದ ಹುಣ್ಣು ಅವನನ್ನು ಬಲಿ ತೆಗೆದುಕೊಂಡಿತ್ತು. ಇಂಗ್ಲಿಷರೊಡನೆ ಯುದ್ಧ ಇನ್ನೂ ನಡೆದೇ ಇತ್ತು. ಉತ್ತರಾಧಿಕಾರಿಯಾದ ಟಿಪ್ಪು ನೂರಾರು ಮೈಲಿ ದೂರದ ಮಲಬಾರಿನ ಪೊನ್ನಾನಿಯ ಕಡೆ ಕಾದಾಡುತ್ತಿದ್ದ. ಸುದ್ದಿ ಹೊರಬಿದ್ದರೆ ಸೇನೆ ಒಡೆಯುವ, ಸರದಾರರು ದಿಕ್ಕಿಗೊಬ್ಬರಾಗುವ, ಶತ್ರು ಮೇಲೆ ಬೀಳುವ ಅಪಾಯವಿತ್ತು. ಆ ಗಳಿಗೆಯಲ್ಲಿ ರಾಜ್ಯವನ್ನು ಹಿಡಿದು ನಿಲ್ಲಿಸಿದವರಲ್ಲಿ ಮುಖ್ಯರಾದವರು ಇಬ್ಬರು ಲೆಕ್ಕಪತ್ರದ ಅಧಿಕಾರಿಗಳು. ಒಬ್ಬರು ಕೃಷ್ಣರಾವ್, ಇನ್ನೊಬ್ಬರು ಆಗ ಮೂವತ್ತಾರರ ಹರೆಯದ ಪೂರ್ಣಯ್ಯ.

ಅವರು ಮಾಡಿದ್ದು ಮೇಲ್ನೋಟಕ್ಕೆ ಸರಳ. ಏನೂ ಆಗಿಲ್ಲವೆಂಬಂತೆ ದಿನದ ಕೆಲಸವನ್ನು ನಡೆಸಿಕೊಂಡು ಹೋದರು. ಕಾಗದಪತ್ರಗಳು ಎಂದಿನಂತೆ ಹೋಗಿಬಂದವು. ನವಾಬರ ಆರೋಗ್ಯ ಹೇಗಿದೆ ಎಂದು ಕೇಳಿದವರಿಗೆ ಸಮಾಧಾನದ ಉತ್ತರ ದೊರೆಯಿತು. ಹೈದರನ ದೇಹವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಹಣವೆಂಬಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಲಾಯಿತು. ಅತ್ತ ವೇಗದೂತರು ಟಿಪ್ಪುವಿನ ಕಡೆ ಓಡಿದರು. ಹೈದರನ ಎರಡನೆಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರಲು ಪಾಳೆಯದೊಳಗೆ ನಡೆದ ಒಳಸಂಚು ಸದ್ದಿಲ್ಲದೆ ಅಡಗಿಹೋಯಿತು. 1783ರ ಜನವರಿಯ ಮೊದಲ ದಿನಗಳಲ್ಲಿ ಟಿಪ್ಪು ಬಂದು ಸೇರಿದಾಗ ಸೇನೆ ಇದ್ದಂತೆಯೇ ಇತ್ತು. ಗುಟ್ಟು ಪೂರ್ತಿಯಾಗಿ ಉಳಿಯಿತೆಂದಲ್ಲ, ಪಿಸುಮಾತು ಹಬ್ಬಿಯೇ ಇತ್ತು. ಆದರೆ ಅನ್ನ, ಆಜ್ಞೆ, ಹಣ ಮೂರೂ ನಿಲ್ಲದಿದ್ದ ಕಾರಣ ಪಿಸುಮಾತು ದಂಗೆಯಾಗಲಿಲ್ಲ.

ಈ ಸ್ಥೈರ್ಯದ ಮೂಲವನ್ನು ಪೂರ್ಣಯ್ಯನವರ ಬಾಲ್ಯದಲ್ಲೇ ಕಾಣಬಹುದು. 1746ರಲ್ಲಿ ಕೊಯಮತ್ತೂರು ಸೀಮೆಯ ಬಡ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಅಲ್ಲಿಂದ ಶ್ರೀರಂಗಪಟ್ಟಣದ ಸಿರಿವಂತ ವರ್ತಕ ಅನ್ನದಾನ ಶೆಟ್ಟಿಯ ಆಶ್ರಯ ದೊರೆಯಿತು. ಹೈದರನ ಸರ್ಕಾರಕ್ಕೆ ಸಾಮಾನು ಪೂರೈಸುತ್ತಿದ್ದ ಶೆಟ್ಟಿಯ ಲೆಕ್ಕ ಒಪ್ಪಿಸಲು ಹೋಗುತ್ತಿದ್ದ ಈ ಯುವಕನ ಅಕ್ಷರ, ಜ್ಞಾಪಕಶಕ್ತಿ, ಹಲವು ಭಾಷೆಗಳ ಪರಿಚಯ ಹೈದರನ ಕಣ್ಣಿಗೆ ಬಿದ್ದವು. ಮುಂದೆ ಬೊಕ್ಕಸದ ಹೊಣೆಯೇ ಅವರ ಪಾಲಿಗೆ ಬಂತು. ಎಷ್ಟು ಧಾನ್ಯವಿದೆ, ಎಷ್ಟು ಎತ್ತುಗಳಿವೆ, ಯಾರ ಸಂಬಳ ಬಾಕಿಯಿದೆ ಎಂಬುದು ಬಾಯಿಪಾಠವಿದ್ದವರಿಗೆ ಆಪತ್ತು ಎದುರಾದಾಗ ಹುಡುಕಾಟದ ಗೊಡವೆಯಿರುವುದಿಲ್ಲ.

ಎತ್ತುಗಳ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮೈಸೂರು ಸೇನೆಯ ವೇಗದ ಗುಟ್ಟು ಇದ್ದುದು ಅಮೃತಮಹಲ್ ರಾಸುಗಳಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಬೆಣ್ಣೆಚಾವಡಿಯನ್ನು ಹೈದರ್ ಫಿರಂಗಿ ಎಳೆಯುವ ಎತ್ತುಗಳ ಇಲಾಖೆಯಾಗಿ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟು ನಿಯಮಾವಳಿ ರೂಪಿಸಿದ. ಚಿದಂಬರದ ರಕ್ಷಣೆಗೆಂದು ಹೈದರ್ ನೂರು ಮೈಲಿಯನ್ನು ಎರಡೂವರೆ ದಿನಗಳಲ್ಲಿ ಕ್ರಮಿಸಿದ್ದು ಈ ಎತ್ತುಗಳ ಬಲದಿಂದಲೇ ಎಂದು ಇತಿಹಾಸ ಹೇಳುತ್ತದೆ. ಯುದ್ಧ ಬಂದ ಮೇಲೆ ಎತ್ತು ಹುಡುಕಿದರೆ ಸಿಗುವುದಿಲ್ಲ. ಅದಕ್ಕಾಗಿ ನಾಡಿನ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಮೀಸಲಿಟ್ಟು, ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ಮಂದೆಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊಡೆದೊಯ್ಯುವ ಪದ್ಧತಿ ಬೆಳೆದು ಬಂತು.

ಚಳ್ಳಕೆರೆ ಸೀಮೆಯ ವರವು ಕಾವಲ್, ಖುದಾಪುರ ಕಾವಲ್, ಉಳ್ಳಾರ್ತಿ ಕಾವಲ್‌ಗಳು ಈ ಪರಂಪರೆಗೆ ಸೇರಿದ ಹುಲ್ಲುಗಾವಲುಗಳು. 1779ರಲ್ಲಿ ಮದಕರಿ ನಾಯಕನ ಚಿತ್ರದುರ್ಗ ಹೈದರನ ವಶವಾದ ಮೇಲೆ ಈ ಭಾಗ ಮೈಸೂರಿನ ಆಡಳಿತಕ್ಕೆ ಬಂದಿತು. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿವೆ. ಬೆಳೆ ಕೈಕೊಟ್ಟ ವರ್ಷ ಕುರಿ ದನಗಳನ್ನು ಉಳಿಸಿಕೊಳ್ಳಲು ಇಲ್ಲಿನವರಿಗೆ ಇದ್ದ ಆಸರೆ ಕಾವಲಿನ ಹುಲ್ಲು. ಸೇನೆಗೆ ಯುದ್ಧದ ಮೀಸಲಾಗಿದ್ದದ್ದು ಹಳ್ಳಿಗೆ ಬರಗಾಲದ ಮೀಸಲೂ ಆಯಿತು. ಎರಡು ಬಗೆಯ ಆಪತ್ತಿಗೂ ಒಂದೇ ನೆಲ ಒದಗಿದ್ದು ಗಮನಿಸತಕ್ಕ ಸಂಗತಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಾಗ ಪೂರ್ಣಯ್ಯನವರ ಮುಂದೆ ಇನ್ನೂ ದೊಡ್ಡ ಕುಸಿತವಿತ್ತು. ಟಿಪ್ಪುವಿನ ಮಗನನ್ನೇ ಗದ್ದುಗೆಯಲ್ಲಿ ಕೂರಿಸುವಂತೆ ಅವರು ಮೊದಲು ಸೂಚಿಸಿದರೆಂದು ದಾಖಲೆಗಳು ತಿಳಿಸುತ್ತವೆ. ಇಂಗ್ಲಿಷರು ಒಪ್ಪಲಿಲ್ಲ. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯ ದಿವಾನರಾದರು. ಹೈದರ್, ಟಿಪ್ಪು, ಒಡೆಯರು ಹೀಗೆ ಮೂರು ಆಳ್ವಿಕೆಗಳಿಗೆ ದುಡಿದ ಅವರನ್ನು ಅವಕಾಶವಾದಿ ಎಂದು ಜರೆದವರಿದ್ದಾರೆ. ಆ ಆರೋಪವನ್ನು ತೂಗುವಾಗ ಆ ದಿನಗಳ ಮೈಸೂರು ಹೇಗಿತ್ತೆಂಬುದನ್ನೂ ನೋಡಬೇಕು. ಕೆಲಸ ಕಳೆದುಕೊಂಡ ಸಾವಿರಾರು ಸಿಪಾಯಿಗಳು ಊರೂರು ಅಲೆಯುತ್ತಿದ್ದರು. ಯುದ್ಧದಲ್ಲಿ ಹಳ್ಳಿಗಳು ನಲುಗಿದ್ದವು. ಇಂಗ್ಲಿಷರಿಗೆ ವರ್ಷಕ್ಕೆ ಏಳು ಲಕ್ಷ ವರಹ ಪೊಗದಿ ತೆರಬೇಕಿತ್ತು.

ಹೊಸ ದಿವಾನರ ಮೊದಲ ಆಜ್ಞೆ ಕಂದಾಯದ ಹಳೆಯ ಬಾಕಿಯನ್ನೆಲ್ಲ ಸಂಪೂರ್ಣವಾಗಿ ಮನ್ನಾ ಮಾಡುವುದಾಗಿತ್ತು. ಹಿಂದಿನ ಕಾಲದ ಕಂದಾಯದ ದರಗಳನ್ನೇ ಮರಳಿ ತರಲಾಯಿತು. ಓಡಿಹೋಗಿದ್ದ ರೈತ ಹೊಲಕ್ಕೆ ಮರಳಿದ. ಹಳೆಯ ಸೈನಿಕರಲ್ಲಿ ಒಂದು ಭಾಗವನ್ನು ಕುದುರೆ ಪಡೆಗೂ ಕಂದಾಚಾರದ ಕಾಲಾಳು ಪಡೆಗೂ ಸೇರಿಸಿಕೊಂಡರು. ಹೊಟ್ಟೆಗಿಲ್ಲದ ಸಿಪಾಯಿ ಎಲ್ಲಿಗೆ ಹೋಗುತ್ತಾನೆಂಬುದಕ್ಕೆ ಉದಾಹರಣೆ ಕಣ್ಣೆದುರಿಗೇ ಇತ್ತು. ಟಿಪ್ಪುವಿನ ಸೆರೆಯಿಂದ ಪಾರಾದ ಚನ್ನಗಿರಿಯ ಧೋಂಡಿಯಾ ವಾಘ್ ಇಂಥ ನಿರುದ್ಯೋಗಿ ಸೈನಿಕರನ್ನೇ ಕೂಡಿಸಿಕೊಂಡು, ಉಭಯ ಲೋಕಾಧೀಶ್ವರನೆಂದು ಬಿರುದು ಧರಿಸಿ ಮೆರೆಯತೊಡಗಿದ್ದ. ಆರ್ಥರ್ ವೆಲ್ಲೆಸ್ಲಿ ಅವನನ್ನು ತಿಂಗಳುಗಟ್ಟಲೆ ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಬಳಿ ಕೊಂದ. ಆ ದಂಡಯಾತ್ರೆಗೆ ಬೆನ್ನೆಲುಬಾಗಿದ್ದದ್ದು ಪೂರ್ಣಯ್ಯ ಒದಗಿಸಿದ ಧಾನ್ಯ, ಎತ್ತು ಮತ್ತು ಮೈಸೂರಿನ ಸವಾರರು. ಮುಂದೆ ಸ್ಪೇನಿನ ಯುದ್ಧರಂಗದಲ್ಲಿ ವೆಲ್ಲೆಸ್ಲಿ ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಹಲಬಿದನೆಂಬ ಮಾತೂ ಉಂಟು.

ಶಾಂತಿಯ ವರ್ಷಗಳಲ್ಲಿ ಅವರು ಕೆರೆ ಕಾಲುವೆಗಳನ್ನು ದುರಸ್ತಿ ಮಾಡಿಸಿದರು. 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆಯಾಯಿತು. ಕಾವೇರಿಯ ನೀರನ್ನು ಮೈಸೂರಿಗೆ ಹರಿಸಲು ತೋಡಿಸಿದ ಪೂರ್ಣಯ್ಯ ನಾಲೆ ಮಾತ್ರ ಕೈಗೂಡಲಿಲ್ಲ.

ಬೊಕ್ಕಸ ತುಂಬುವುದರಲ್ಲಿ ಅವರದು ಮಿತಿಮೀರಿದ ಆಸಕ್ತಿ. ಎರಡು ಕೋಟಿ ರೂಪಾಯಿಗಿಂತ ಹೆಚ್ಚು ಉಳಿಸಿದರೆಂದು ಹೇಳಲಾಗುತ್ತದೆ. ಆ ಹಣದ ಹಿಂದೆ ರೈತನ ಬೆವರಿತ್ತು, ವಸೂಲಿ ಕಠಿಣವಾಗಿತ್ತು ಎಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಅದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದಿದೆ. 1799ರ ಬಳಿಕ ಅಮೃತಮಹಲಿನ ನಿರ್ವಹಣೆ ಮೈಸೂರು ಸರ್ಕಾರದ ಕೈಯಲ್ಲಿತ್ತು. ಸೈನ್ಯದ ಪೂರೈಕೆಯನ್ನು ಬೆರಳ ತುದಿಯಲ್ಲಿಟ್ಟುಕೊಂಡಿದ್ದ ಪೂರ್ಣಯ್ಯನವರ ಅವಧಿಯಲ್ಲಿಯೇ ಆ ಮಂದೆಗಳು ಸೊರಗಿಹೋದವು. ಯುದ್ಧದ ಭೀತಿ ದೂರವಾದಂತೆ ಮೀಸಲಿನ ಮೇಲಿನ ಗಮನವೂ ತಗ್ಗಿರಬೇಕು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಇಂಗ್ಲಿಷ್ ಅಧಿಕಾರಿ ಉಸ್ತುವಾರಿ ವಹಿಸಿಕೊಂಡ ಮೇಲಷ್ಟೇ ತಳಿ ಚೇತರಿಸಿಕೊಂಡಿತು.

ಅದನ್ನು ನೋಡಲು ಪೂರ್ಣಯ್ಯ ಇರಲಿಲ್ಲ. 1807ರಲ್ಲಿ ಯಳಂದೂರು ಜಾಗೀರು ಪಡೆದಿದ್ದ ಅವರು, ವಯಸ್ಸಿಗೆ ಬಂದ ದೊರೆಗೆ ಅಧಿಕಾರ ಒಪ್ಪಿಸಿ 1811ರಲ್ಲಿ ನಿವೃತ್ತರಾದರು. 1812ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದಲ್ಲಿ ನಿಧನರಾದರು. ಅವರ ವಂಶಸ್ಥರಾದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನಗಿರಿ ನಡೆಸಿದರು.

ವರವು ಕಾವಲಿನಲ್ಲಿ 2017ರ ಮೇ 28ರಂದು ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಗೊಂಡಿತು. ಫಿರಂಗಿ ಎಳೆಯುವ ಎತ್ತುಗಳಿಗೆಂದು ಹುಲ್ಲುಗಾವಲು ಕಾಯ್ದಿಡುತ್ತಿದ್ದ ಸೀಮೆಯಲ್ಲಿ ಈಗ ಚಾಲಕರಹಿತ ವಿಮಾನಗಳ ಪರೀಕ್ಷೆ ನಡೆಯುತ್ತದೆ. ಗೋಡೆ ಎದ್ದ ಕಾವಲುಗಳ ಆಚೆ, ಬರಗಾಲದಲ್ಲಿ ಕುರಿ ದನ ಎಲ್ಲಿಗೆ ಹೊಡೆಯಬೇಕೆಂಬ ಪ್ರಶ್ನೆಯನ್ನು ಸುತ್ತಲಿನ ಹಳ್ಳಿಗಳವರು ಎತ್ತಿದ್ದಾರೆ.