ತಲೆಸುತ್ತಿನ ಗುಟ್ಟು ಹಿಡಿದ ರಾಬರ್ಟ್ ಬಾರಾನಿ

ಆಟದ ಬಯಲಿನಲ್ಲಿ ಗಿರಗಿರ ತಿರುಗಿ ಥಟ್ಟನೆ ನಿಂತರೆ ಏನಾಗುತ್ತೆ? ನಾವು ನಿಂತಿದ್ದರೂ ಶಾಲೆ, ಮರ, ಕಂಬ ಎಲ್ಲಾ ಸುತ್ತಿದ ಹಾಗೆ ಕಾಣುತ್ತೆ, ಅಲ್ವಾ? ಇದು ಯಾಕೆ ಹೀಗೆ ಅಂತ ತಿಳಿಯಲು ಜೀವನವನ್ನೇ ಮುಡಿಪಿಟ್ಟ ವೈದ್ಯರು ರಾಬರ್ಟ್ ಬಾರಾನಿ.

ಬಾರಾನಿಯವರು 1876ರ ಏಪ್ರಿಲ್ 22ರಂದು ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಜನಿಸಿದರು. ಆರು ಮಕ್ಕಳಲ್ಲಿ ಇವರೇ ಹಿರಿಯರು. ಚಿಕ್ಕಂದಿನಲ್ಲೇ ಮೂಳೆಯ ಕ್ಷಯರೋಗ ಬಂದು ಒಂದು ಮೊಣಕಾಲು ಮಡಚಲಾಗದ ಹಾಗೆ ಸೆಟೆದುಹೋಯಿತು. ಆದರೂ ಅವರು ಮೂಲೆಯಲ್ಲಿ ಕೂರಲಿಲ್ಲ. ಟೆನಿಸ್ ಆಡಿದರು, ಬೆಟ್ಟ ಹತ್ತಿದರು. 1900ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಮುಂದೆ ಕಿವಿಯ ವೈದ್ಯರಾದರು.

ರೋಗಿಗಳ ಕಿವಿಯನ್ನು ನೀರಿನಿಂದ ತೊಳೆಯುವಾಗ ಕೆಲವರಿಗೆ ತಲೆ ಸುತ್ತುತ್ತಿತ್ತು. ಆಗ ಅವರ ಕಣ್ಣುಗುಡ್ಡೆಗಳು ಅತ್ತಿತ್ತ ಓಡಾಡುವುದನ್ನು ಬಾರಾನಿ ಗಮನಿಸಿದರು. ನೀರು ತಣ್ಣಗಿದ್ದರೆ ಸುತ್ತು ಬರುತ್ತದೆಂದು ಒಬ್ಬ ರೋಗಿ ದೂರಿದ. ಇನ್ನೊಮ್ಮೆ ನೀರು ಹೆಚ್ಚು ಬಿಸಿಯಾಗಿತ್ತು. ಆಗಲೂ ಸುತ್ತು ಬಂತು, ಆದರೆ ಕಣ್ಣು ಉಲ್ಟಾ ದಿಕ್ಕಿಗೆ ಓಡಿತು! ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರೇನೋ. ಬಾರಾನಿ ಯೋಚಿಸಿದರು. ನಮ್ಮ ಬಚ್ಚಲುಮನೆಯ ಹಂಡೆಯಲ್ಲಿ ಬಿಸಿನೀರು ಮೇಲೇರುತ್ತೆ, ತಣ್ಣೀರು ಕೆಳಗಿಳಿಯುತ್ತೆ. ಹಾಗೆಯೇ ಒಳಕಿವಿಯ ಮೂರು ಅರೆವೃತ್ತಾಕಾರದ ನಾಳಗಳಲ್ಲಿರುವ ದ್ರವವೂ ಹರಿಯುತ್ತದೆ ಎಂದು ವಿವರಿಸಿದರು. ನಮ್ಮ ದೇಹದ ಸಮತೋಲ ಕಾಯುವ ಅಂಗ ಕಿವಿಯೊಳಗೇ ಇದೆ!

ಇದನ್ನು ಪರೀಕ್ಷಿಸಲು ಅವರು ತಿರುಗುವ ಕುರ್ಚಿಯನ್ನೂ ಬಳಸಿದರು. ರೋಗಿಯನ್ನು ಕೂರಿಸಿ, 20 ಸೆಕೆಂಡಿನಲ್ಲಿ 10 ಸುತ್ತು ತಿರುಗಿಸಿ, ಥಟ್ಟನೆ ನಿಲ್ಲಿಸಿ ಕಣ್ಣು ನೋಡುವುದು. ಅದಕ್ಕೆ ಬಾರಾನಿ ಕುರ್ಚಿ ಎಂದೇ ಹೆಸರು ಬಂತು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಕಾಲು ಸರಿಯಿಲ್ಲದಿದ್ದರೂ ಗಾಯಾಳುಗಳ ಸೇವೆಗೆ ತಾವಾಗಿಯೇ ಹೋದರು. 1915ರಲ್ಲಿ ರಷ್ಯನ್ನರ ಕೈಗೆ ಸೆರೆಸಿಕ್ಕರು. 1914ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಇವರಿಗೆಂದು ಪ್ರಕಟವಾದಾಗ ಇವರು ಸೆರೆಶಿಬಿರದಲ್ಲಿದ್ದರು! ಸ್ವೀಡನ್ನಿನ ರಾಜಕುಮಾರ ಕಾರ್ಲ್ ಮತ್ತು ರೆಡ್ ಕ್ರಾಸ್ ಪ್ರಯತ್ನದಿಂದ 1916ರಲ್ಲಿ ಬಿಡುಗಡೆಯಾಗಿ, ಸ್ಟಾಕ್‌ಹೋಮಿನಲ್ಲಿ ಪ್ರಶಸ್ತಿ ಪಡೆದರು.

ಊರಿಗೆ ಮರಳಿದಾಗ ಹಾರ ತುರಾಯಿ ಸಿಗಲಿಲ್ಲ. ಬೇರೆಯವರ ಕೆಲಸವನ್ನು ಸರಿಯಾಗಿ ಹೆಸರಿಸಿಲ್ಲ ಎಂದು ಜೊತೆಯವರೇ ಆರೋಪ ಹೊರಿಸಿದರು. ನೊಂದ ಬಾರಾನಿ 1917ರಲ್ಲಿ ಸ್ವೀಡನ್ನಿನ ಉಪ್ಸಲಾಕ್ಕೆ ಹೋಗಿ ಅಲ್ಲಿ ಪಾಠ, ಸಂಶೋಧನೆ ಮುಂದುವರಿಸಿದರು. ಮಲಗಿ ಮಗ್ಗುಲು ಬದಲಿಸಿದರೆ ಮಾತ್ರ ಬರುವ ತಲೆಸುತ್ತಿನ ಬಗ್ಗೆ 1921ರಲ್ಲಿ ಬರೆದರು. 1936ರ ಏಪ್ರಿಲ್ 8ರಂದು, 60 ತುಂಬಲು ಎರಡೇ ವಾರ ಇರುವಾಗ ತೀರಿಕೊಂಡರು.

ಆ ತಲೆಸುತ್ತಿಗೆ ಕಾರಣ ಒಳಕಿವಿಯ ಸುಣ್ಣದ ಸಣ್ಣ ಹರಳುಗಳು ಜಾರಿ ನಾಳದೊಳಗೆ ಸೇರುವುದು ಎಂದು ಈಗ ಗೊತ್ತಾಗಿದೆ. ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ಹೊರತರುವ ಕ್ರಮವನ್ನು ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದರು. ಅದಕ್ಕೂ ಬಗ್ಗದ ಹಠಮಾರಿ ತಲೆಸುತ್ತಿಗೆ, ಕತ್ತು ಬೆನ್ನು ಬಗ್ಗಿಸಲಾಗದವರಿಗೆ, ಯಂತ್ರದ ಕುರ್ಚಿಗಳಿವೆ. ಬೆಲ್ಟು ಕಟ್ಟಿ ಕೂರಿಸಿ ಇಡೀ ದೇಹವನ್ನೇ ಬೇಕಾದ ದಿಕ್ಕಿಗೆ ತಿರುಗಿಸುತ್ತವೆ. ಬಾರಾನಿಯ ಕುರ್ಚಿ ತಲೆಸುತ್ತು ತರಿಸಿ ಪರೀಕ್ಷಿಸುತ್ತಿತ್ತು, ಈ ಕುರ್ಚಿ ತಲೆಸುತ್ತನ್ನೇ ಓಡಿಸುತ್ತೆ!

ಗೆಳೆಯರೇ, ನಮ್ಮ ಅಜ್ಜಿಯರಿಗೆ ಹಾಸಿಗೆಯಿಂದ ಏಳುವಾಗ ತಲೆ ಸುತ್ತಿದರೆ ಪಿತ್ತ ಅಂತ ಸುಮ್ಮನಿರಬಾರದು, ಡಾಕ್ಟರಿಗೆ ತೋರಿಸಬೇಕು. ರೋಗಿಯ ಒಂದು ಸಣ್ಣ ದೂರನ್ನು ಕಿವಿಗೊಟ್ಟು ಕೇಳಿದ್ದರಿಂದಲೇ ಬಾರಾನಿ ಕಿವಿಯ ಗುಟ್ಟು ಕಂಡರು. ನಾವೂ ಕೇಳುವುದನ್ನು ಕಲಿಯೋಣ.